ಡ್ರೈವರಿಗೆ ನಿದ್ದಿ ಆಗೈತೇನು?

ಎರಡು ವರ್ಷದ ಹಿಂದೆ ಅಪ್ಪನ ಮೊಣಕಾಲಿನ ಆಪರೇಷನ್ ಬೆಂಗಳೂರಿನಲ್ಲಿ ಆಯಿತು. ವಾಪಸ್ ಕೊಟ್ಟೂರಿಗೆ ಕಾರಿನಲ್ಲಿ ಅಂದ್ರೆ ಆರೇಳು ಗಂಟೆ ಕಾಲು ಮಡಚಿ ಕೂರಬೇಕು. ತೋರಣಗಲ್ಲಿನ ವಿದ್ಯಾನಗರಕ್ಕೆ ವಿಮಾನ ಇತ್ತು, ಬುಕ್ ಮಾಡಿದೆ. ಎಟಿಆರ್, ರೆಕ್ಕೆಗೆ ಫ್ಯಾನ್ ಇರೋ ಸುಮಾರು 70 ಸೀಟಿನದು.

ಆಫೀಸಲ್ಲಿ ಹೇಳಿದ್ದೇ ತಪ್ಪಾಯ್ತು. "ಸಣ್ಣ ಏರ್‌ಲೈನ್‌ನಲ್ಲಿ ಇರೋರೆಲ್ಲ ಈಗಷ್ಟೇ ಕಲಿತವರು. ಪಳಗಿದ ಮೇಲೆ ದೊಡ್ಡ ಕಂಪನಿಗೆ ಹಾರ್ತಾರೆ" ಅಂದ ಗೆಳೆಯ. ಹೊಟ್ಟೆಯಲ್ಲಿ ಹುಳ ಬಿಟ್ಟ ಹಾಗಾಯ್ತು.

ಅಪ್ಪನಿಗೆ ಹೇಳಿದರೆ ಅವರು ಕೇಳಿದ್ದು ಒಂದೇ: "ಆ ಡ್ರೈವರಿಗೆ ನಿದ್ದಿ ಆಗಿರ್ತೈತೇನು?"

ಅಪ್ಪ ಮೂವತ್ತು ವರ್ಷ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆ ಬಸ್ ಓಡಿಸಿದವರು. ಒಂದು ವರ್ಷ ಕೊಟ್ಟೂರೇಶ್ವರನ ತೇರಿನ ಗದ್ದಲದಲ್ಲಿ ಎರಡು ದಿನ ಕಣ್ಣು ಮುಚ್ಚಿರಲಿಲ್ಲವಂತೆ. ರಾತ್ರಿ ರೆಪ್ಪೆ ಕೂಡಿತು. ಕೆಲಸಕ್ಕೆ ಸೇರಿ ತಿಂಗಳೂ ಆಗದ ಕಂಡಕ್ಟರ್ ಹುಡುಗ "ಅಣ್ಣಾ, ಪಕ್ಕಕ್ಕ ಹಾಕು" ಅಂತ ಕೂಗಿದ. "ನಿನ್ನಿ ಬಂದಾವ ನನಗ ಹೇಳ್ತಾನ ಅಂತ ಸಿಟ್ಟು ಬಂತು. ಆದ್ರೂ ಹಾಕಿದೆ" ಅಂದರು. ಈ ಕಥೆ ನಾನು ಕೇಳಿದ್ದು ಅವತ್ತೇ ಮೊದಲು.

ಆ ರಾತ್ರಿ ಕೂತು ಓದಿದೆ. ನಮ್ಮಲ್ಲಿ ಲೈಸೆನ್ಸ್ ಎಲ್ಲರಿಗೂ ಒಂದೇ, ಡಿಜಿಸಿಎ ಕೊಡೋದು. 200 ಗಂಟೆ ಹಾರಿದರೆ ಕಮರ್ಷಿಯಲ್ ಲೈಸೆನ್ಸ್. ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸ್‌ಗೆ 1500 ಗಂಟೆ. ದೊಡ್ಡ ಕಂಪನಿಯ ಏರ್‌ಬಸ್‌ನಲ್ಲೂ ಬಲಗಡೆ ಸೀಟಿನಲ್ಲಿ ಹೊಸಬರು ಇರಬಹುದು, ನಮಗೆ ಗೊತ್ತಾಗಲ್ಲ ಅಷ್ಟೆ.

ಅಮೆರಿಕದ ಬಫಲೋ ಹತ್ತಿರ 2009ರ ಫೆಬ್ರುವರಿಯಲ್ಲಿ ಕೋಲ್ಗನ್ ಏರ್ ಅನ್ನೋ ಪ್ರಾದೇಶಿಕ ಕಂಪನಿಯ ಫ್ಯಾನ್ ವಿಮಾನ ಬಿದ್ದು 50 ಜನ ಸತ್ತರು. ಗೆಳೆಯನ ವಾದಕ್ಕೆ ಇದೇ ಸಾಕ್ಷಿ ಅನ್ನಿಸುತ್ತೆ. ಆಮೇಲೆ ಅಲ್ಲಿ ಕೋ-ಪೈಲಟ್‌ಗೂ 1500 ಗಂಟೆ ಅಂತ ನಿಯಮ ಬಂತು. ತಮಾಷೆ ಅಂದ್ರೆ, ಆ ಇಬ್ಬರಿಗೂ ಅದಕ್ಕಿಂತ ಹೆಚ್ಚು ಅನುಭವ ಇತ್ತು. ಇಲ್ಲದ್ದು ಹಾಸಿಗೆ. ಕ್ಯಾಪ್ಟನ್ ಹಿಂದಿನ ರಾತ್ರಿ ಕಳೆದದ್ದು ಸಿಬ್ಬಂದಿ ಕೋಣೆಯಲ್ಲಿ. ಕೋ-ಪೈಲಟ್ ದೇಶದ ಆ ತುದಿಯಿಂದ ರಾತ್ರಿಯಿಡೀ ವಿಮಾನದಲ್ಲಿ ಕೂತು ಡ್ಯೂಟಿಗೆ ಬಂದಿದ್ದರು.

ಇನ್ನು ನಮ್ಮ ಮಂಗಳೂರು, 22 ಮೇ 2010. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಜೆಟ್, ಬೋಯಿಂಗ್ 737. ಕ್ಯಾಪ್ಟನ್‌ಗೆ 10 ಸಾವಿರ ಗಂಟೆ ಮೀರಿದ ಅನುಭವ. ದಾರಿಯಲ್ಲಿ ಅವರು ಗೊರಕೆ ಹೊಡೆದದ್ದು ರೆಕಾರ್ಡರ್‌ನಲ್ಲಿದೆ. ಇಳಿಯುವಾಗ ವಿಮಾನ ತೀರಾ ಎತ್ತರದಲ್ಲಿತ್ತು. ಮತ್ತೆ ಮೇಲಕ್ಕೆ ಹೋಗೋಣ ಅಂತ ಕೋ-ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಸತ್ತವರು 158, ಉಳಿದವರು 8.

ಅದನ್ನ ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಆ ಕಂಡಕ್ಟರ್ ಹುಡುಗನೇ ಕಣ್ಣೆದುರು ಬರ್ತಿದ್ದ. ಟಿಕೆಟ್ ಕ್ಯಾನ್ಸಲ್ ಮಾಡಲಿಲ್ಲ. (ಆಮೇಲೆ 2025ರಲ್ಲಿ ಡಿಜಿಸಿಎ ಪೈಲಟ್‌ಗಳ ವಾರದ ವಿಶ್ರಾಂತಿಯನ್ನ 36 ಗಂಟೆಯಿಂದ 48ಕ್ಕೆ ಏರಿಸಿತು. ಸುದ್ದಿಯನ್ನ ಅಪ್ಪನಿಗೆ ಫೋನಲ್ಲೇ ಓದಿ ಹೇಳಿದೆ.)

ವಿದ್ಯಾನಗರದಲ್ಲಿ ಇಳಿಯುವಾಗ ಬಾಗಿಲ ಹತ್ತಿರ ಪೈಲಟ್‌ಗಳು ನಿಂತಿದ್ದರು. ಕೋ-ಪೈಲಟ್ ಹುಡುಗಿ, ನನ್ನ ತಂಗಿ ವಯಸ್ಸಿರಬೇಕು. ಅಪ್ಪ ವಾಕರ್ ನಿಲ್ಲಿಸಿ, "ನಿದ್ದಿ ಚೆನ್ನಾಗಿ ಆಗಿತ್ತೇನವ್ವಾ?" ಅಂದರು. ಆಕೆಗೆ ಕನ್ನಡ ಬರ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಕ್ಕು, "ಎಂಟು ಗಂಟೆ, ಅಂಕಲ್" ಅಂದಳು.

"ಹಂಗಾರ ಚಲೋ" ಅಂತ ಅಪ್ಪ ಮೆಟ್ಟಿಲಿನ ಕಂಬಿ ಹಿಡಿದರು.