ತಿರುಗುವ ಮುನ್ನ

ಬೈಂದೂರಿನಿಂದ ಮರವಂತೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಆಷಾಢದ ಮಳೆಯೊಳಗೆ, ತೆಂಗಿನಕಾಯಿ ತುಂಬಿದ ಪಿಕಪ್ ವಾಹನವೊಂದು ಎಡಬದಿಯ ಊರದಾರಿಗೆ ತಿರುಗುತ್ತದೆ. ಅದರ ಮಗ್ಗುಲಿಗೇ ಬಂದ ಸ್ಕೂಟರ್ ಸವಾರನಿಗೆ ಮುಂದಿನ ಸೂಚಕದೀಪವೂ ಕಾಣದು, ಹಿಂದಿನದೂ ಕಾಣದು. ಪಕ್ಕದ ಕನ್ನಡಿಗೆ ಎಲ್.ಇ.ಡಿ. ದೀಪ ಜೋಡಿಸುವುದು ಆ ಸವಾರನಿಗಾಗಿ.

ಕೆಲಸ ದೊಡ್ಡದಲ್ಲ. ಕನ್ನಡಿಯ ಕವಚದಿಂದ ತಂತಿಯನ್ನು ಬಾಗಿಲ ಸಂದಿನ ರಬ್ಬರ್ ಕೊಳವೆಯ ಮೂಲಕ ಎಳೆದು, ಅದೇ ಬದಿಯ ಸೂಚಕದ ತಂತಿಗೆ ಸಮಾಂತರವಾಗಿ ಸೇರಿಸಬೇಕು. ಹಳೆಯ ಬಲ್ಬು ಉಳಿದರೆ ಮಿನುಗಿನ ವೇಗ ಸಾಮಾನ್ಯವಾಗಿ ಕೆಡದು. ಅದನ್ನು ತೆಗೆದು ಎಲ್.ಇ.ಡಿ. ಹಾಕಿದರೆ ವಿದ್ಯುತ್ತಿನ ಸೆಳೆತ ಕುಗ್ಗಿ, ಹಳೆಯ ಬಗೆಯ ಫ್ಲ್ಯಾಷರ್ ಅವಸರದಿಂದ ಮಿನುಗತೊಡಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ಜೋಡಣೆಗಳು ಬೇಗ ಕಿಲುಬು ಹಿಡಿಯುವುದರಿಂದ, ನೀರು ನುಗ್ಗದಂತೆ ಮುಚ್ಚುವುದೇ ನಿಜವಾದ ಕುಶಲತೆ.

ಬಣ್ಣ ಕಿತ್ತಳೆ ಹಳದಿಯೇ ಆಗಬೇಕು. ನೀಲಿ, ಹಸಿರು ಮಿನುಗುಗಳು ಬರಿಯ ಅಲಂಕಾರ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಮಿತಿ ಹಾಕಿರುವುದರಿಂದ, ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಈರ್ಯಾಸಮಿತಿಯು ನೆಲ ನೋಡಿ ಹೆಜ್ಜೆಯಿಡಲು ಹೇಳುತ್ತದೆ. ತತ್ತ್ವಾರ್ಥಸೂತ್ರವು ಪ್ರಮಾದದಿಂದಾದ ಪ್ರಾಣಹರಣವನ್ನು ಹಿಂಸೆಯೆಂದು ಗಣಿಸುತ್ತದೆ. ದೀಪ ಹೊತ್ತಿದೊಡನೆ ಚಕ್ರ ತಿರುಗಿಸುವವನಿಗೆ ಎಷ್ಟು ದೀಪಗಳಿದ್ದರೇನು? ಸವಾರನಿಗೆ ಬ್ರೇಕು ಹಿಡಿಯುವಷ್ಟಾದರೂ ಹೊತ್ತು ಸಿಗಬೇಕು. ಇನ್ನು ಕನ್ನಡಿಯೇ ಒಡೆದಿರುವ ಪಿಕಪ್‌ಗಳೂ ಉಂಟು. ಅವುಗಳ ಒಡೆಯರು ದೀಪದ ಅಂಗಡಿಗೆ ಹೋಗುವ ಮೊದಲು ಕನ್ನಡಿ ಹಾಕಿಸಲಿ.