ಗಡಿಯಾರದ ಮುಖ ತೊಳೆದದ್ದು

ಬೇಸಗೆಯ ರಜದಲ್ಲಿ ಮೇಷ್ಟ್ರಾದವನು ಮನೆಯಲ್ಲಿ ಸುಮ್ಮನೆ ಕುಳಿತಿರಬಾರದು. ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ಮುಗಿದ ಮೇಲೂ ತಿದ್ದುವ ಚಟ ಕೈಯಲ್ಲಿ ಉಳಿದಿರುತ್ತದೆ. ಅದು ಇನ್ನಾವುದಾದರೂ ಬಡಪ್ರಾಣಿಯ ಮೇಲೆ ತಿರುಗುತ್ತದೆ. ಈ ಸಲ ಅದಕ್ಕೆ ಸಿಕ್ಕಿದ್ದು ನಮ್ಮ ಅಪ್ಪನ ಕೈಗಡಿಯಾರ.

ಅದು ಎಚ್‌ಎಂಟಿ ಜನತಾ. 17 ಕಲ್ಲುಗಳದ್ದು, ದಿನವೂ ಬೆಳಿಗ್ಗೆ ಕೀ ಕೊಡಬೇಕು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರ ಮಾಡತೊಡಗಿದಾಗ ಮೊದಲ ಗಡಿಯಾರಗಳನ್ನು ನೆಹರೂ ಅವರೇ ಬಿಡುಗಡೆ ಮಾಡಿದರಂತೆ. ಆಮೇಲೆ ನಮ್ಮ ಕಡೆ ಪರೀಕ್ಷೆ ಪಾಸಾದವನಿಗೂ ಅದೇ, ನೌಕರಿ ಸಿಕ್ಕವನಿಗೂ ಅದೇ, ನಿವೃತ್ತನಾದವನಿಗೂ ಅದೇ. ಅಪ್ಪನಿಗೆ ಮದುವೆಯಲ್ಲಿ ಮಾವನ ಮನೆಯಿಂದ ಬಂದಿತ್ತು. ಸಾಯುವವರೆಗೂ ಬೇರೆ ಗಡಿಯಾರ ಕಟ್ಟಲಿಲ್ಲ.

ಅದರ ಮುಖ ಮಾತ್ರ ಬಹಳ ಕೆಟ್ಟಿತ್ತು. ಬೆಳ್ಳಗಿದ್ದ ಡಯಲು ಹಳೆಯ ಪಂಚೆಯ ಬಣ್ಣಕ್ಕೆ ತಿರುಗಿತ್ತು. ನಾಲ್ಕು ಐದರ ನಡುವೆ ಕಾಫಿಯ ಕಲೆಯಂಥದೊಂದು ಮಚ್ಚೆ. ಈ ಮಚ್ಚೆಯ ಚರಿತ್ರೆ ನನಗೆ ಚೆನ್ನಾಗಿ ಗೊತ್ತು. ಅದರ ಕರ್ತೃ ನಾನೇ. ಹತ್ತು ವರ್ಷದವನಾಗಿದ್ದಾಗ ಗೂಟದ ಮೇಲಿದ್ದ ಗಡಿಯಾರವನ್ನು ಕದ್ದು ಕಟ್ಟಿಕೊಂಡು ಕೆರೆಗೆ ಹೋಗಿದ್ದೆ. ಗೆಳೆಯರೆದುರಿಗೆ ಅದನ್ನು ಬಿಚ್ಚಿಡುವ ಮನಸ್ಸಾಗದೆ ಹಾಗೆಯೇ ನೀರಿಗಿಳಿದೆ. ಗಾಜಿನೊಳಗೆ ಹಬೆ ಕಟ್ಟಿತು. ಒಲೆಯ ದಂಡೆಯ ಮೇಲೆ ಒಣಗಿಸಿ, ಮತ್ತೆ ಗೂಟಕ್ಕೆ ಹಾಕಿ, ಮಗ್ಗಿ ಹೇಳುತ್ತ ಕುಳಿತೆ. ಅಪ್ಪ ಬಂದರು, ಗಡಿಯಾರವನ್ನು ಕಿವಿಗೆ ಹಿಡಿದರು, ಒಮ್ಮೆ ಅಲ್ಲಾಡಿಸಿದರು, ಪಂಚೆಯ ಅಂಚಿನಲ್ಲಿ ಒರೆಸಿದರು. ಏನೂ ಹೇಳಲಿಲ್ಲ. ಸಂತೆಯ ದಿನ ರಿಪೇರಿಗೆ ಕೊಟ್ಟು ಬಂದರು. ಗಡಿಯಾರ ನಡೆಯಿತು, ಮಚ್ಚೆ ಉಳಿಯಿತು.

ಅಪ್ಪ ತೀರಿಕೊಂಡು ಆರು ವರ್ಷವಾದ ಮೇಲೆ ಆ ಮಚ್ಚೆಯನ್ನು ತೆಗೆಯಬೇಕೆಂದು ನನಗೇಕೆ ತೋರಿತೋ! ಶುಚಿತ್ವಕ್ಕಾಗಿ ಎಂದು ಹೆಂಡತಿಗೆ ಹೇಳಿದೆ. ಗಾಜು ಮೊದಲೇ ಸಡಿಲವಾಗಿತ್ತು, ಉಗುರಿಗೇ ಬಂತು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸೋಪಿನ ನೀರಿನಲ್ಲಿ ಅದ್ದಿ, ಮುಳ್ಳುಗಳಿಗೆ ತಗಲದಂತೆ ಒರೆಸಿದೆ. ಹತ್ತಿ ಕಂದಾಯಿತು, ನನ್ನ ಉತ್ಸಾಹ ಏರಿತು. ಮಚ್ಚೆ ಮಾತ್ರ ಹಾಗೆಯೇ ಇತ್ತು. ಇನ್ನಷ್ಟು ಒತ್ತಿದೆ, ಕೈ ಜಾರಿ ಕೆಳಕ್ಕೆ ಹೋಯಿತು. ನೋಡುತ್ತೇನೆ, ಹತ್ತಿಯ ಮೇಲೆ ಕಪ್ಪು! ಆರರ ಮೇಲ್ಗಡೆ ನಾಗರಿ ಲಿಪಿಯಲ್ಲಿದ್ದ ‘ಜನತಾ’ ಎಂಬ ಮಾತಿನಲ್ಲಿ ‘ತಾ’ ಇಲ್ಲ. ಉಳಿದದ್ದು ‘ಜನ’. ತದ್ಧಿತ ಪ್ರತ್ಯಯ ಲೋಪವಾಗಿ ಪ್ರಕೃತಿ ಮಾತ್ರ ನಿಂತಿತ್ತು. ಇಪ್ಪತ್ತು ವರ್ಷ ವ್ಯಾಕರಣ ಪಾಠ ಹೇಳಿದ್ದರ ಫಲ!

ಮರುದಿನ ಆ ಅಪರಾಧವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೈಸೂರಿನ ಪೇಟೆಯ ಒಂದು ಸಣ್ಣ ಅಂಗಡಿಗೆ ಹೋದೆ. ಎರಡು ಆಳು ಒಟ್ಟಿಗೆ ನಿಲ್ಲಲಾರದ ಜಾಗ. ಒಳಗೆ ಒಬ್ಬ ವೃದ್ಧ ಸಾಹೇಬರು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ನೋಡಿದವರೇ ಕೇಳಿದರು: “ಯಾರು ತೊಳೆದಿದ್ದು?”

“ನಾನೇ.”

“ಮುಖ ತೊಳೆಯೋ ಹಾಗೆ ತೊಳೆದಿದ್ದೀರಿ, ಸಾರ್.”

ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ಕೇಳಿ, ಪಾಠ ಹೇಳುವ ವಿದ್ಯೆ ಅಧ್ಯಾಪಕರದೇ ಎಂಬ ಗರ್ವ ನನಗೆ ಇಳಿಯಿತು. ಡಯಲೆಂದರೆ ತೆಳುವಾದ ಹಿತ್ತಾಳೆಯ ಬಿಲ್ಲೆ. ಅದಕ್ಕೆ ಬಣ್ಣವೋ ಬೆಳ್ಳಿಯ ಲೇಪವೋ. ಅದರ ಮೇಲೆ ಮೆರುಗೆಣ್ಣೆ. ವರ್ಷ ಕಳೆದಂತೆ ಹಳದಿಯಾಗುವುದು ಈ ಮೆರುಗೆಣ್ಣೆಯೇ. ಕೀಯ ಸಂದಿನಿಂದ ನುಗ್ಗಿದ ನೀರು ಅದರ ಕೆಳಗೆ ಸೇರಿ ಲೋಹವನ್ನೇ ಕಪ್ಪಾಗಿಸುತ್ತದೆ. ಅಕ್ಷರಗಳೋ, ಬಹಳಷ್ಟು ಹಳೆಯ ಡಯಲುಗಳಲ್ಲಿ ಎಲ್ಲಕ್ಕಿಂತ ಮೇಲೆ ಇರುತ್ತವೆ. ಉಕ್ಕಿನ ಹಲಗೆಯಲ್ಲಿ ಕೊರೆದ ಅಕ್ಷರಕ್ಕೆ ಶಾಯಿ ತುಂಬಿ, ಮೆತ್ತನೆಯ ಉಂಡೆಯೊಂದರಿಂದ ಆ ಶಾಯಿಯನ್ನೆತ್ತಿ ಡಯಲಿನ ಮೇಲೆ ಒತ್ತಿ ಮುದ್ರಿಸುತ್ತಾರೆ. “ಕಲೆ ಕೆಳಗಿದೆ, ಅಕ್ಷರ ಮೇಲಿದೆ. ಕಲೇನ ಮುಟ್ಟಬೇಕಾದರೆ ಮೊದಲು ಅಕ್ಷರ ಹೋಗಬೇಕು” ಎಂದರು.

ನಮ್ಮ ಓಲೆಗರಿಯ ರೀತಿ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಕಂಟದಿಂದ ಕೊರೆದ ಗೀರಿಗೆ ಮಸಿ ತೀಡುತ್ತಾರೆ. ಮಸಿ ಹೋದರೂ ಗೀರು ಉಳಿಯುತ್ತದೆ, ಮತ್ತೆ ತೀಡಿದರೆ ಅಕ್ಷರ ಏಳುತ್ತದೆ. ಡಯಲಿನಲ್ಲಿ ಅಕ್ಷರಕ್ಕೆ ಬೇರಿಲ್ಲ.

ಸಾಹೇಬರು ಎರಡು ದಾರಿ ತೋರಿಸಿದರು. ಒಂದು, ಎಲ್ಲವನ್ನೂ ಕೆರೆದು ಹೊಸದಾಗಿ ಬಣ್ಣ ಹಾಕಿಸಿ ಅಚ್ಚು ಮಾಡಿಸುವುದು. ಹಾಗೆ ಮಾಡಿಸಿದ ಒಂದನ್ನು ತೋರಿಸಿದರು: ದಪ್ಪಕ್ಷರ, ಗೀಟುಗಳು ಅಂಕಿಗಳಿಗೆ ಸರಿಯಾಗಿ ಕೂಡಿಲ್ಲ, ಮದುವೆಮನೆಯ ಪೌಡರು ಬಳಿದ ಮುಖ. ಇನ್ನೊಂದು, ಕೆಟ್ಟುಹೋದ ಬೇರೊಂದು ಜನತಾದ ಡಯಲನ್ನು ಇದಕ್ಕೆ ಕೂಡಿಸುವುದು. ಕಾರ್ಖಾನೆಯ ಹೊಸ ಡಯಲು ಸಿಗುವ ಕಾಲ ಹೋಯಿತು. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಸಾಹೇಬರ ತಗಡಿನ ಡಬ್ಬಿಯಲ್ಲಿ ಸತ್ತ ಗಡಿಯಾರಗಳ ಮುಖಗಳು ಇಸ್ಪೀಟಿನೆಲೆಗಳಂತೆ ಬಿದ್ದಿದ್ದವು. ಅವುಗಳಲ್ಲಿ ಒಂದು ಬಲು ಸೊಗಸಾಗಿತ್ತು. ಕಲೆಯಿಲ್ಲ, ‘ತಾ’ ಇದೆ. ಆಸೆಯಾಯಿತು. ಯೋಚಿಸಿ ಹೇಳುತ್ತೇನೆಂದು ಬಂದೆ.

ನನಗಿದು ಹೊಸ ಪ್ರಶ್ನೆಯೇನಲ್ಲ. ಗ್ರಂಥಸಂಪಾದನೆಯ ಪಾಠದಲ್ಲಿ ಹುಡುಗರಿಗೆ ವರ್ಷವೂ ಹೇಳುತ್ತೇನೆ: ಪ್ರತಿಯಲ್ಲಿ ಇಲ್ಲದ್ದನ್ನು ಊಹಿಸಿ ತುಂಬಿದರೆ ಕಂಸದಲ್ಲಿಡು, ಇನ್ನೊಂದು ಪ್ರತಿಯ ಪಾಠವನ್ನು ತಂದರೆ ಅಡಿಟಿಪ್ಪಣಿಯಲ್ಲಿ ಒಪ್ಪಿಕೊ. ಗಡಿಯಾರಕ್ಕೆ ಅಡಿಟಿಪ್ಪಣಿಯಿಲ್ಲ.

ರಾತ್ರಿ ಅಮ್ಮನಿಗೆ ವಿಷಯ ಹೇಳಿದೆ. ‘ತಾ’ ಹೋದದ್ದನ್ನು ಹೇಳಿದೆ. ಮಚ್ಚೆ ಹೇಗಾಯಿತೋ ತಿಳಿಯದೆಂಬ ಧ್ವನಿಯಲ್ಲಿ ಮಾತನಾಡಿದೆ. ಅಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಕೆರೆಗೆ ಹೋಗಿದ್ದೆಯಲ್ಲೋ ಅವತ್ತು.”

“ನಿನಗೆ ಗೊತ್ತಿತ್ತಾ?”

“ಚಡ್ಡಿ ಒಗೆಯೋಳು ನಾನಲ್ವೇ? ನಿಮ್ಮಪ್ಪನಿಗೆ ಅವತ್ತೇ ಹೇಳಿದೆ. ‘ಮುಳುಗದೆ ಬಂದನಲ್ಲ, ಸುಮ್ಮನಿರು’ ಅಂದರು. ಆ ಸಂತೆ ರಿಪೇರಿಯವನು ಬಿಲ್ಲೆ ಬದಲಾಯಿಸ್ತೀನಿ ಅಂದನಂತೆ. ಬೇಡ ಅಂದು ಬಂದರು.”

ಏಕೆ ಬೇಡ ಎಂದರೋ. ಹಣವಿರಲಿಲ್ಲವೇನೋ, ಆಗ ನಮ್ಮ ಮನೆಯಲ್ಲಿ ಬಹಳ ಸಂಗತಿಗಳಿಗೆ ಕಾರಣ ಅದೇ ಆಗಿತ್ತು. ಅಮ್ಮನನ್ನು ಮತ್ತೆ ಕೇಳಲಿಲ್ಲ. ಆದರೆ ದಿನಕ್ಕೆ ಹತ್ತು ಸಲವಾದರೂ ಆ ಡಯಲನ್ನು ನೋಡಿದವರು ಅವರು. ಮೂವತ್ತು ವರ್ಷ ನಾನು ಬಚ್ಚಿಟ್ಟಿದ್ದೇನೆಂದುಕೊಂಡದ್ದನ್ನು ಮಣಿಕಟ್ಟಿನ ಮೇಲೆಯೇ ಹೊತ್ತುಕೊಂಡು ತಿರುಗಿದ್ದರು.

ಬೆಳಿಗ್ಗೆ ಸಾಹೇಬರ ಅಂಗಡಿಗೆ ಹೋಗಿ, ಬೇರೆ ಡಯಲು ಬೇಡವೆಂದೆ. ಅವರೇನೂ ಆಶ್ಚರ್ಯಪಡಲಿಲ್ಲ. ಮುಳ್ಳುಗಳನ್ನು ಎತ್ತಿ, ಬದಿಯ ಎರಡು ತಿರುಪುಗಳನ್ನು ಸಡಿಲಿಸಿ ಡಯಲನ್ನು ಹೊರಕ್ಕೆ ತೆಗೆದರು. ಒಣ ಕುಂಚದಿಂದ ಧೂಳು ಹೊಡೆದು, ಕಣಕದಂಥ ಮೆತ್ತನೆಯ ಅಂಟಿನಿಂದ ಒತ್ತಿ ಒತ್ತಿ ಉಳಿದ ಕೊಳೆಯನ್ನೆತ್ತಿದರು. ಎಲ್ಲಿಯೂ ಉಜ್ಜಲಿಲ್ಲ. ಮಚ್ಚೆಯ ಅಂಚಿಗೆ ಬಂದಾಗ ಕೈ ತಾನಾಗಿ ನಿಂತಿತು. ಹೊಸ ಗಾಜು ಕೂರಿಸಿ, ಕೀ ಕೊಟ್ಟು, ನನ್ನ ಕಿವಿಗೆ ಹಿಡಿದರು.

“ನಡೀತಿದೆ. ಆದರೆ ಕೀ ಹತ್ತಿರ ಸಂದು ಹಾಗೇ ಇದೆ, ಸಾರ್. ಕಟ್ಟಿಕೊಂಡು ನೀರಿಗಿಳೀಬೇಡಿ.”

“ಇಳಿಯೋದಿಲ್ಲ” ಎಂದೆ.