ಇಟ್ಟುಕೊಳ್ಳುವುದಕ್ಕೂ ಬೆಲೆಯಿದೆ

ಬೈಕಿಗೆ ಹತ್ತು ವರ್ಷ ದಾಟಿದರೆ ಸುತ್ತಲಿನವರು ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷದವರು "ಇನ್ನೂ ಇದನ್ನೇ ಓಡಿಸ್ತಿದೀಯಾ? ಕೊಟ್ಟು ಹೊಸದು ತಗೋ" ಎನ್ನುತ್ತಾರೆ. ಇನ್ನೊಂದು ಪಕ್ಷದವರು ಟ್ಯಾಂಕಿನ ಮೇಲೆ ಕೈಯಾಡಿಸಿ "ಈಗಿನ ಗಾಡಿಗಳಲ್ಲಿ ಈ ಗಟ್ಟಿತನ ಎಲ್ಲಿದೆ? ಏನೇ ಆದರೂ ಮಾರಬೇಡ" ಎನ್ನುತ್ತಾರೆ. ಎರಡೂ ಪಕ್ಷದವರು ಒಂದು ವಿಷಯದಲ್ಲಿ ಮಾತ್ರ ಸಮಾನರು. ಯಾರೂ ತಮ್ಮ ಜೇಬಿನಿಂದ ರೂಪಾಯಿ ಹಾಕುವವರಲ್ಲ. ನಾಲ್ಕೈದು ತಿಂಗಳಿಂದ ನಾನು ಈ ಎರಡು ಪಕ್ಷಗಳ ನಡುವೆ ಓಡಾಡಿಕೊಂಡಿದ್ದೇನೆ.

ನನ್ನ ಬಳಿ ಇರುವುದು 2013ರ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350. ಕೊಂಡವರು ಸೋದರಮಾವ. ಮೊಣಕಾಲು ನೋವು ಶುರುವಾದ ಮೇಲೆ ಅವರು ಕಾರಿಗೆ ಬದಲಾದರು, ಬೈಕು ನನ್ನ ಪಾಲಿಗೆ ಬಂತು. ಕಂಪನಿ ಏನೇ ಹೆಸರಿಟ್ಟಿರಲಿ, ಮನೆಯಲ್ಲೂ ಕೇರಿಯಲ್ಲೂ ಅದು 'ಬುಲೆಟ್ಟು'. ಮೀಟರು ಈಗ 84 ಸಾವಿರ ಕಿಲೋಮೀಟರ್ ತೋರಿಸುತ್ತಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಓಡಿಸಿದ್ದು.

ಇದು ದೂರದ ಓಡಾಟಕ್ಕೆಂದೇ ಮಾಡಿದ ಬೈಕು. ಎತ್ತರದ ಹ್ಯಾಂಡಲ್, ತಗ್ಗಿನ ಸೀಟು, ಹಿಂದೆ ಕೂತವರ ಬೆನ್ನಿಗೊಂದು ಆನಿಕೆ, 20 ಲೀಟರಿನ ಟ್ಯಾಂಕು. ನನ್ನ ಕೈಯಲ್ಲಿ ಲೀಟರಿಗೆ 33ರಿಂದ 35 ಕಿಲೋಮೀಟರ್ ಕೊಡುತ್ತದೆ. ಒಮ್ಮೆ ತುಂಬಿಸಿದರೆ ಆರುನೂರು ಚಿಲ್ಲರೆ ಕಿಲೋಮೀಟರ್ ಬಂಕಿನ ಯೋಚನೆಯಿಲ್ಲ. ಇದು ನನಗೆ ಶೋಕಿಯ ವಿಷಯವಲ್ಲ. ನನ್ನ ಪಿಎಚ್.ಡಿ. ವೀರಗಲ್ಲುಗಳ ಮೇಲೆ. ಶಿವಮೊಗ್ಗದಲ್ಲಿದ್ದುಕೊಂಡು ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳನ್ನು ಒಂದೊಂದಾಗಿ ಸುತ್ತಬೇಕು. ಬಳ್ಳಿಗಾವಿಗೋ ತಾಳಗುಂದಕ್ಕೋ ಬಸ್ಸಿನಲ್ಲಿ ಹೋಗಬಹುದು. ಆದರೆ ವೀರಗಲ್ಲುಗಳು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತಿರುವುದಿಲ್ಲ. ಕೆರೆ ಏರಿಯ ಮೇಲೆ, ಊರ ಹೊರಗಿನ ಬೇಲಿಯ ಸಾಲಿನಲ್ಲಿ, ಅಡಿಕೆ ತೋಟದ ಮೂಲೆಯಲ್ಲಿ ಅರ್ಧ ಹೂತುಕೊಂಡಿರುತ್ತವೆ. ಐವತ್ತರ ವೇಗದಲ್ಲಿ ಹೋಗುವವನಿಗೆ ಮಾತ್ರ ಕಾಣುತ್ತವೆ.

ಹೊಸದು ಎಂದರೆ ಯಾವುದು ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಸುಲಭವಿತ್ತು. ಬಿ.ಎಸ್. 6 ನಿಯಮ ಜಾರಿಗೆ ಬಂದ 2020ರಲ್ಲಿ ಥಂಡರ್‌ಬರ್ಡ್ ನಿಂತಿತು. ಅದೇ ವರ್ಷ ನವೆಂಬರಿನಲ್ಲಿ ಅದರ ಜಾಗಕ್ಕೆ ಮೀಟಿಯರ್ 350 ಬಂತು. ಕಾಗದದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ನಗು ಬರುತ್ತದೆ. ನನ್ನದು 346 ಸಿ.ಸಿ., ಹೊಸದು 349. ನನ್ನದರ ಶಕ್ತಿ 19.8 ಬಿ.ಎಚ್.ಪಿ., ಹೊಸದರದ್ದು 20.2. ಟಾರ್ಕ್ ನನ್ನದರಲ್ಲಿ 28 ನ್ಯೂಟನ್ ಮೀಟರ್, ಹೊಸದರಲ್ಲಿ 27. ತೂಕದಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಟ್ಯಾಂಕು ಮಾತ್ರ 20 ಲೀಟರಿನಿಂದ 15ಕ್ಕೆ ಇಳಿದಿದೆ. ಈ ಅಂಕಿಗಳನ್ನು ಮಾವನಿಗೆ ಓದಿ ಹೇಳಿದಾಗ ಅವರು, "ಮತ್ತೆ ಎರಡೂವರೆ ಲಕ್ಷ ಯಾತಕ್ಕೋ ಮಾರಾಯ, ಐದು ಲೀಟರ್ ಕಡಿಮೆ ಮಾಡಿದ್ದಕ್ಕಾ?" ಎಂದು ಕೇಳಿದರು.

ಅಂಕಿಗಳು ಹೇಳದೇ ಬಿಟ್ಟದ್ದೇನು ಎಂದು ತಿಳಿಯಲು ವಿಭಾಗದ ಗೆಳೆಯನ ಮೀಟಿಯರನ್ನು ಎರಡು ದಿನಕ್ಕೆ ಕೇಳಿ ತಂದೆ. ತೀರ್ಥಹಳ್ಳಿ ರಸ್ತೆ ಹಿಡಿದು ಹತ್ತು ನಿಮಿಷಕ್ಕೆ ಮೊದಲ ಉತ್ತರ ಕೈಗೇ ಸಿಕ್ಕಿತು. ನನ್ನ ಬೈಕಿನ ಎಂಜಿನ್ನಿನಲ್ಲಿ ಪಿಸ್ಟನ್ನು ಪ್ರತಿ ಸಲ 90 ಮಿಲಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ. ಇರುವುದು ಒಂದೇ ಸಿಲಿಂಡರ್, ಅದರ ಏರಿಳಿತದ ಏಟನ್ನು ತಡೆಯಲು ಎದುರು ಯಾರೂ ಇಲ್ಲ. ಎಂಬತ್ತು ದಾಟಿದರೆ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ, ಅಂಗೈ ಜುಮ್ಮೆನ್ನುತ್ತದೆ. ಹೊಸ ಎಂಜಿನ್ನಿನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇದೆ. ಪಿಸ್ಟನ್ನಿನ ಏಟಿಗೆ ಎದುರಾಗಿ ತಿರುಗುವ ಒಂದು ತೂಕ. ಶಕ್ತಿ ಅಷ್ಟೇ ಇದ್ದರೂ ನಡುಕ ಹೋಗಿದೆ. ಇಡೀ ದಿನ ಓಡಿಸಿ ಸಂಜೆ ನೋಟ್ಸ್ ಬರೆಯಲು ಕೂತಾಗ ಪೆನ್ನು ನೆಟ್ಟಗೆ ನಿಲ್ಲುತ್ತದೆ ಎಂಬುದು ನನ್ನಂಥವನಿಗೆ ಸಣ್ಣ ವಿಷಯವಲ್ಲ.

ಎರಡನೆಯದು ಚಕ್ರ. ನನ್ನದು ಕಡ್ಡಿಯ ಚಕ್ರ, ಒಳಗೆ ಟ್ಯೂಬು. ಮೊಳೆ ಹೊಕ್ಕರೆ ಗಾಳಿ ಒಮ್ಮೆಗೇ ಇಳಿಯುತ್ತದೆ, ಚಕ್ರ ಬಿಚ್ಚದೆ ಪಂಚರ್ ಹಾಕಲು ಬರುವುದಿಲ್ಲ. ಹೊಸದರಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. ಮೊಳೆ ಸಿಕ್ಕಿಕೊಂಡಿದ್ದರೂ ಮುಂದಿನ ಊರಿನವರೆಗೆ ನಿಧಾನವಾಗಿ ತಳ್ಳಿಕೊಂಡು ಹೋಗುವ ಬದಲು ಓಡಿಸಿಕೊಂಡೇ ಹೋಗಬಹುದು.

ಮೂರನೆಯದು ಪೆಟ್ರೋಲು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಮೇಲಾಗಿ ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವ ಹೊಸ ಬೈಕು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರಿನಿಂದ ಅಳೆದು ಎಷ್ಟು ಇಂಧನ ಬಿಡಬೇಕೆಂದು ತಾನೇ ಸರಿಮಾಡಿಕೊಳ್ಳುತ್ತದೆ. ನನ್ನ ಕಾರ್ಬ್ಯುರೇಟರಿಗೆ ಅಂಥ ಬುದ್ಧಿಯಿಲ್ಲ, ಸ್ಕ್ರೂ ತಿರುಗಿಸಿ ಹೇಳಬೇಕು. ಪೆಟ್ರೋಲ್ ಪೈಪನ್ನು ಹೊಸದಾಗಿ ಹಾಕಿಸಿದ್ದೇನೆ. ಎರಡು ಮೂರು ವಾರ ನಿಲ್ಲಿಸುವುದಾದರೆ ಕಾರ್ಬ್ಯುರೇಟರಿನಲ್ಲಿ ಉಳಿದದ್ದನ್ನು ಇಳಿಸಿಬಿಡುತ್ತೇನೆ. ಇದು ಅಭ್ಯಾಸವಾಗಿದೆ, ಆದರೆ ಕೆಲಸವಂತೂ ಹೌದು.

ಇಷ್ಟಾದರೂ ನಾನು ಅಲುಗಲಿಲ್ಲ. ಏಕೆಂದರೆ ಇವೆಲ್ಲ ಸುಖದ ಲೆಕ್ಕ. ಸುಖದ ಎದುರು ದುಡ್ಡನ್ನಿಟ್ಟರೆ ತಕ್ಕಡಿ ಸುಲಭವಾಗಿ ವಾಲುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. 349 ಸಿ.ಸಿ.ಯ ಬೈಕು ಕೂದಲೆಳೆಯಲ್ಲಿ ಆ ಗೆರೆಯ ಒಳಗೆ ಉಳಿಯಿತು. ಆದರೂ ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿ ರಸ್ತೆಗೆ ಇಳಿಯುವಾಗ ಎರಡೂವರೆ ಲಕ್ಷದ ಹತ್ತಿರ. ಹಳೆಯದಕ್ಕೆ ಎಪ್ಪತ್ತು ಸಾವಿರ ಸಿಕ್ಕಿತು ಎಂದಿಟ್ಟುಕೊಂಡರೂ 1,80,000 ಸಾಲ. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಆರು ಸಾವಿರದ ಸಮೀಪ. ಸೀನಿಯರ್ ರಿಸರ್ಚ್ ಫೆಲೋಶಿಪ್ ತಿಂಗಳಿಗೆ 42,000 ರೂಪಾಯಿ. ಆರು ಸಾವಿರ ಕಟ್ಟಲಾಗದು ಎಂದೇನೂ ಅಲ್ಲ. ತೊಡಕಿರುವುದು ಬೇರೆ ಕಡೆ. ನನ್ನ ಫೆಲೋಶಿಪ್ಪಿಗೆ ಉಳಿದಿರುವುದು ಹದಿನೆಂಟು ತಿಂಗಳು, ಸಾಲಕ್ಕೆ ಮೂವತ್ತಾರು. ಸಾಲದ ಆಯಸ್ಸು ಸಂಬಳದ ಆಯಸ್ಸಿಗಿಂತ ಉದ್ದವಿದ್ದರೆ ಆ ಬೈಕು ಓಡಿಸುವಾಗಲೆಲ್ಲ ಹಿಂದಿನ ಸೀಟಿನಲ್ಲಿ ಬ್ಯಾಂಕಿನವರು ಕೂತಂತೆ. ಹಳೆಯದಕ್ಕೆ ಕಳೆದ ವರ್ಷ ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟು, ಕೋನ್ ಸೆಟ್, ಹಿಂದಿನ ಟೈರು, ಆಯಿಲ್ ಎಲ್ಲ ಸೇರಿ ಖರ್ಚಾದದ್ದು 22,000. ಎಲ್ಲವೂ ಸವೆದು ಹೋಗಲೆಂದೇ ಇರುವ ಸಾಮಾನು. ಒಂದು ವರ್ಷದ ಕಂತು 72,000.

ದುಡ್ಡಿನಾಚೆಗೂ ಹಳೆಯದರ ಪರವಾಗಿ ಒಂದು ಮಾತಿದೆ. ಅದನ್ನು ಚೆನ್ನಾಗಿ ಹೇಳಿದವರು ನಮ್ಮ ಗ್ಯಾರೇಜಿನ ಭಾಯ್. "ಮೇಷ್ಟ್ರೇ, ಹೊಸ ಗಾಡಿ ಕೆಡೋದು ಕಡಿಮೆ. ಆದ್ರೆ ಕೆಟ್ರೆ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ, ಲ್ಯಾಪ್‌ಟಾಪಿಗೆ ಗೊತ್ತಾಗುತ್ತೆ. ಇದು ಕೆಡೋ ಮೊದಲು ಒಂದು ವಾರ ಮಾತಾಡುತ್ತೆ." ಆ ಮಾತು ನನಗೆ ಅರ್ಥವಾಗುತ್ತದೆ. ಚೈನು ಸಡಿಲವಾದಾಗಿನ ಸದ್ದು, ಕ್ಲಚ್ ಕೇಬಲ್ ಎಳೆ ಬಿಡುವ ಮೊದಲು ಬೆರಳಿಗೆ ಸಿಗುವ ಒರಟು, ಕೋನ್ ಸೆಟ್ ಹೋದಾಗ ಹ್ಯಾಂಡಲ್ ನಡುಮಧ್ಯದಲ್ಲಿ ಹಿಡಿದುಕೊಳ್ಳುವ ರೀತಿ ನನಗೆ ಗೊತ್ತು. ಸೊರಬದ ಕಡೆಯ ಯಾವ ಸಣ್ಣ ಗ್ಯಾರೇಜಿನಲ್ಲಿ ನಿಲ್ಲಿಸಿದರೂ ಇದನ್ನು ಬಿಚ್ಚಲು ಹೆದರುವವರಿಲ್ಲ. ಎಂಟು ವರ್ಷ ಓಡಿಸಿ ಗಳಿಸಿದ ಈ ತಿಳಿವಳಿಕೆಯನ್ನು ಎಕ್ಸ್‌ಚೇಂಜಿನಲ್ಲಿ ಯಾವ ಶೋರೂಮಿನವರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೀಗೆ ಎಲ್ಲ ಕೂಡಿ ಕಳೆದು ಹಳೆಯದೇ ಸರಿ ಎಂದು ತೀರ್ಮಾನಿಸುವ ಹೊತ್ತಿಗೆ ಉಳಿದದ್ದು ಬ್ರೇಕು.

ಗೆಳೆಯನ ಮೀಟಿಯರಿನಲ್ಲಿ ಎರಡನೇ ದಿನ ಆಗುಂಬೆ ಘಾಟಿ ಇಳಿದೆ. ಅಕ್ಕನ ಮನೆ ಉಡುಪಿಯಲ್ಲಿ, ಹಾಗಾಗಿ ಹೆಬ್ರಿಯ ಮೇಲೆ ಹೋಗುವ ಆ ದಾರಿ ನನಗೆ ಹೊಸದಲ್ಲ. ಹದಿನಾಲ್ಕು ಕಡಿದಾದ ತಿರುವು. ಬೆಳಿಗ್ಗೆ ಮಳೆ ಬಿದ್ದು ನಿಂತಿತ್ತು, ರಸ್ತೆಯ ಅಂಚಿಗೆ ಕೊಳೆತ ಎಲೆ ಅಂಟಿಕೊಂಡಿತ್ತು. ಒಂದು ತಿರುವಿನಲ್ಲಿ ಕೆಳಗಿನಿಂದ ಬಂದ ಮಿನಿಬಸ್ಸು ಅಗಲವಾಗಿ ಒಳಗೆ ತಿರುಗಿತು. ಬ್ರೇಕನ್ನು ಹಿಂದೆ ಮುಂದೆ ನೋಡದೆ ಒತ್ತಿದೆ. ಲಿವರಿನ ಕೆಳಗೆ ಯಾರೋ ಸಣ್ಣಗೆ ಬಡಿದಂತೆ ಕಿರ್ರೆಂದಿತು. ಬೈಕು ನೆಟ್ಟಗೆ ನಿಂತಿತು. ಅಷ್ಟೇ. ಕಥೆಯಾಗುವಂಥದ್ದು ಏನೂ ಆಗಲಿಲ್ಲ, ಅದೇ ಅದರ ದೊಡ್ಡತನ.

ಆ ಬಡಿತ ಎ.ಬಿ.ಎಸ್.ನದ್ದು. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಹಿಡಿದರೆ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರಲು ತೊಡಗುತ್ತದೆ. ಜಾರುವ ಮುಂದಿನ ಚಕ್ರಕ್ಕೆ ಹ್ಯಾಂಡಲ್ಲಿನ ಮಾತು ಕೇಳಿಸುವುದಿಲ್ಲ. ಎ.ಬಿ.ಎಸ್. ಇದ್ದಲ್ಲಿ ಚಕ್ರದ ವೇಗವನ್ನು ಸೆನ್ಸರು ಎಣಿಸುತ್ತಿರುತ್ತದೆ. ಚಕ್ರ ಕಚ್ಚಿಕೊಳ್ಳುವ ಸೂಚನೆ ಸಿಕ್ಕೊಡನೆ ಒತ್ತಡವನ್ನು ಬಿಟ್ಟು ಮತ್ತೆ ಹಿಡಿಯುತ್ತದೆ, ಒಂದು ಸೆಕೆಂಡಿನಲ್ಲಿ ಹಲವು ಸಲ. ಜಲ್ಲಿ ರಸ್ತೆಯಲ್ಲಿ ಇದರಿಂದ ನಿಲ್ಲುವ ದೂರ ಹೆಚ್ಚಾಗುವುದೂ ಉಂಟು. ಆದರೆ ಒದ್ದೆ ಡಾಂಬರಿನ ಮೇಲೆ ಮನುಷ್ಯನ ಬೆರಳು ಗಾಬರಿಯಲ್ಲಿ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ. ನಮ್ಮ ದೇಶದಲ್ಲಿ 125 ಸಿ.ಸಿ. ಮೇಲಿನ ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದ, ಎಲ್ಲ ಮಾದರಿಗಳಿಗೂ 2019ರ ಏಪ್ರಿಲಿನಿಂದ ಇದು ಕಡ್ಡಾಯ. 2013ರಲ್ಲಿ ಅಂಥ ನಿಯಮವಿರಲಿಲ್ಲ, ಬಹುಪಾಲು ಬೈಕುಗಳಲ್ಲಿ ಅದು ಇರಲೂ ಇಲ್ಲ. ಹಳೆಯ ಬೈಕಿಗೆ ಹೊರಗಿನಿಂದ ಹಾಕಿಸಿಕೊಳ್ಳುವ ಸಾಮಾನೂ ಅದಲ್ಲ.

ಇಲ್ಲಿಗೆ ನನ್ನ ಲೆಕ್ಕದ ಪುಸ್ತಕದಲ್ಲಿ ಒಂದು ಹೊಸ ಕಲಂ ಬೇಕಾಯಿತು. ಅಲ್ಲಿಯವರೆಗೆ ಬೆಲೆ ಎಂಬುದು ಹೊಸ ಬೈಕಿಗೆ ಮಾತ್ರ ಇತ್ತು, ಹಳೆಯದು ಬಿಟ್ಟಿ. ಮನೆಯಲ್ಲಿ ನಿಂತಿರುವ ವಸ್ತು ಯಾವಾಗಲೂ ಬಿಟ್ಟಿಯಂತೆ ಕಾಣುತ್ತದೆ. ಆದರೆ ಎ.ಬಿ.ಎಸ್. ಇಲ್ಲದ ಬೈಕನ್ನು ಮಲೆನಾಡಿನಲ್ಲಿ ಇಟ್ಟುಕೊಂಡರೆ ಅದರ ಬೆಲೆಯನ್ನು ಯಾರೋ ತೆರುತ್ತಿರಲೇಬೇಕು. ನಾನೊಬ್ಬನೇ ಓಡಿಸುವಾಗ ಅದು ನನ್ನ ಪಾಡು. ಅಕ್ಕನ ಮನೆಗೆ ಹೋಗುವಾಗ ಹಿಂದೆ ಅಮ್ಮ ಕೂರುತ್ತಾಳೆ. ಎದುರಿಗೆ ದನ ಬರುತ್ತದೆ, ಶಾಲೆಯ ಮಕ್ಕಳು ಬರುತ್ತಾರೆ. ಇವರಾರೂ ನನ್ನ ಹಳೆಯ ಬೈಕಿನ ಮೋಹಕ್ಕೆ ಸಹಿ ಹಾಕಿದವರಲ್ಲ. ಅಮ್ಮನಿಗೆ ವಿಷಯ ಹೇಳಿದಾಗ ಅವಳು ಸಿ.ಸಿ.ಯನ್ನೂ ಕೇಳಲಿಲ್ಲ, ಸಾಲವನ್ನೂ ಕೇಳಲಿಲ್ಲ. "ಮಳೆಗಾಲದಲ್ಲಿ ನಾನು ಬಸ್ಸಿಗೆ ಬರ್ತೀನಪ್ಪ. ನೀನೂ ನನ್ನ ಜೊತೆ ಬಸ್ಸಿಗೇ ಬಾ" ಎಂದಳು. ತಿಂಗಳುಗಟ್ಟಲೆ ನಾನು ಹಾಕಿದ ಲೆಕ್ಕಕ್ಕಿಂತ ಅವಳ ಲೆಕ್ಕ ಚೊಕ್ಕವಾಗಿತ್ತು. ಹಳೆಯದನ್ನು ಇಟ್ಟುಕೊಳ್ಳುವುದಾದರೆ ಬಿಡಬೇಕಾದದ್ದೂ ಒಂದಿದೆ.

ಆದ್ದರಿಂದ ಈಗ ಹೀಗೆ ನಿಶ್ಚಯಿಸಿದ್ದೇನೆ. ಬೈಕಿನ ನೋಂದಣಿ 15 ವರ್ಷಕ್ಕೆ, ಅಂದರೆ 2028ಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ನಾನು ನವೀಕರಿಸುವುದಿಲ್ಲ. ಅಲ್ಲಿಯವರೆಗೆ ಇದು ನನ್ನ ಕ್ಷೇತ್ರಕಾರ್ಯದ ಬೈಕು. ಬಯಲಿನ ಹಳ್ಳಿ ರಸ್ತೆ, ಒಣ ತಿಂಗಳು, ಐವತ್ತು ಅರವತ್ತರ ವೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಇಲ್ಲ, ಹಿಂದೆ ಯಾರನ್ನೂ ಕೂರಿಸುವುದಿಲ್ಲ. ಮುಂದಿನ ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು ಮೂರನ್ನೂ ಸವೆಯುವ ಮೊದಲೇ ಬದಲಾಯಿಸುತ್ತೇನೆ, ಅದರಲ್ಲಿ ಚೌಕಾಸಿ ಇಲ್ಲ. ಎಂಜಿನ್ ಬಿಚ್ಚುವಂಥ ಕೆಲಸ ಬಂದರೆ ಬಿಚ್ಚಿಸುವುದಿಲ್ಲ, ಮಾರುತ್ತೇನೆ. ಕಂತಿಗೆ ಹೋಗಬೇಕಿದ್ದ ಆರು ಸಾವಿರವನ್ನು ಪೋಸ್ಟ್ ಆಫೀಸಿನ ಆರ್.ಡಿ.ಗೆ ಹಾಕಲು ಶುರುಮಾಡಿದ್ದೇನೆ. ಹದಿನೆಂಟು ತಿಂಗಳಿಗೆ 1,08,000 ಆಗುತ್ತದೆ. ಮುಂದಿನ ಬೈಕಿನ ಅರ್ಧ ಬೆಲೆಗೆ ತುಸು ಕಡಿಮೆ.

ಮಾರಬೇಡ ಎಂದವರಿಗೆ ಇದರಿಂದ ಸಮಾಧಾನವಿಲ್ಲ, ಮಾರು ಎಂದವರಿಗೂ ಇಲ್ಲ. ಮಾವನಿಗೆ ಮಾತ್ರ 2028 ಎಂಬ ಗಡುವು ಹಿಡಿಸಿದೆ. "ಅಷ್ಟರಲ್ಲಿ ನಿನ್ನ ಥೀಸಿಸ್ಸಾದರೂ ಮುಗಿಯುತ್ತಾ?" ಎಂದು ಕೇಳಿದರು. ಆ ಪ್ರಶ್ನೆಗೆ ಗ್ಯಾರೇಜಿನ ಭಾಯ್ ಹತ್ತಿರವೂ ಉತ್ತರವಿಲ್ಲ.

ಈ ವರ್ಷದ ಆಷಾಢದಲ್ಲಿ ಅಮ್ಮ ಮತ್ತು ನಾನು ಉಡುಪಿಗೆ ಮಿನಿಬಸ್ಸಿನಲ್ಲಿ ಹೋಗುತ್ತೇವೆ. ಘಾಟಿಯ ಮಳೆಯನ್ನು ಕಿಟಕಿಯಿಂದ ನೋಡುವುದು ನನಗೆ ಸುಲಭವಲ್ಲ. ಬೈಕು ಉಳಿಸಿಕೊಂಡದ್ದಕ್ಕೆ ನಾನು ಕಟ್ಟುವ ಕಂತು ಅದು.